ಶಾಲೆ ಬಿಡುವ ಪತ್ರ

ಪ್ರತಿ ವರ್ಷವೂ ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಗೋವಿಂದರಾಜನಗರದ ನಮ್ಮ ಮನೆಯ ಜಗುಲಿಯಲ್ಲಿ ಒಂದು ಸಣ್ಣ ಕಚೇರಿ ತೆರೆಯುತ್ತದೆ. ಕಚೇರಿಯೆಂದರೆ ಒಂದು ಬೆಂಚು, ಎರಡು ಕುರ್ಚಿ, ಒಂದು ಲೇಖಣಿ, ಇಷ್ಟೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನಿಗೆ ಬೇರೆ ಕೆಲಸವಾದರೂ ಏನಿದೆ? ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮೂಡಲಪಾಳ್ಯದಿಂದ, ಹಂಪಿನಗರದಿಂದ, ಮಾಗಡಿ ರಸ್ತೆಯ ಆಚೆ ಈಚೆಯ ಬೀದಿಗಳಿಂದ ಬರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪತ್ರ, ವರಮಾನದ ಪತ್ರ. ಮಗುವಿನ ಬಾಳೆಲ್ಲ ಆ ಚೀಲದಲ್ಲಿದೆಯೋ ಎಂಬಂತೆ ತಾಯಂದಿರು ಅದನ್ನು ಎದೆಗವಚಿಕೊಂಡಿರುತ್ತಾರೆ. ಅವರ ಎಣಿಕೆ ಪೂರ್ತಿ ತಪ್ಪೂ ಅಲ್ಲ.

ಅಂಕಪಟ್ಟಿಯನ್ನು ಕೈಗಿತ್ತು “ಓದಪ್ಪ” ಎಂದರೆ ಹುಡುಗರು ಓದುವುದು ಒಂದೇ ಸಾಲು: ಕೊನೆಯ ಮೊತ್ತ. ಆರುನೂರ ಇಪ್ಪತ್ತೈದಕ್ಕೆ ಇಷ್ಟು. ಅದಕ್ಕೆ ಮೇಲಿನದು, ಕೆಳಗಿನದು ಯಾವುದೂ ಕಣ್ಣಿಗೆ ಬೀಳದು. ಮೊದಲ ಭಾಷೆಗೆ ಮಾತ್ರ 125 ಅಂಕವೇಕೆ, ಉಳಿದ ಐದಕ್ಕೆ ನೂರು ನೂರೇ ಏಕೆ, ಆ ನೂರರಲ್ಲಿ ಎಂಬತ್ತು ಬರವಣಿಗೆಯ ಪರೀಕ್ಷೆಗೂ ಇಪ್ಪತ್ತು ಶಾಲೆಯೊಳಗಿನ ಮೌಲ್ಯಮಾಪನಕ್ಕೂ ಸೇರಿದ್ದೆಂಬುದು ಎಲ್ಲಿಂದ ಬಂದಿತು ಎಂದು ಕೇಳಿದವರನ್ನು ನಾನು ಕಾಣೆ. ಹೋಗಲಿ, “ಎಸ್.ಎಸ್.ಎಲ್.ಸಿ.” ಎಂಬ ನಾಲ್ಕು ಅಕ್ಷರಗಳನ್ನು ಬಿಡಿಸಿ ಹೇಳಿ ಎಂದರೆ ಹತ್ತರಲ್ಲಿ ಎಂಟು ಮಂದಿ ನಕ್ಕು ಸುಮ್ಮನಾಗುತ್ತಾರೆ. ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್; ಪ್ರೌಢಶಾಲೆ ಬಿಡುವವನಿಗೆ ಕೊಡುವ ಪತ್ರ. ಆ ಹೆಸರಿನಲ್ಲಿ ಪರೀಕ್ಷೆ ಎಂಬ ಮಾತೇ ಇಲ್ಲ. ಪಾಸು, ನಪಾಸು ಎಂಬ ಮಾತಂತೂ ಇಲ್ಲವೇ ಇಲ್ಲ. ಇದು ಆಕಸ್ಮಿಕವೆಂದು ಓದುಗರು ತಿಳಿಯಬಾರದು. ಅದಕ್ಕೊಂದು ಕಥೆಯಿದೆ.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದುವು. ಅವುಗಳ ಹೆಬ್ಬಾಗಿಲಿಗೆ ಮೆಟ್ರಿಕ್ಯುಲೇಷನ್ ಎಂಬ ಬೀಗ. ಮರುವರ್ಷ, 1858ರಲ್ಲಿ, ರೆವರೆಂಡ್ ಜಾನ್ ಗ್ಯಾರೆಟ್ಟರ ಮುಖ್ಯೋಪಾಧ್ಯಾಯತ್ವದಲ್ಲಿ ಬೆಂಗಳೂರು ಹೈಸ್ಕೂಲು ಪ್ರಾರಂಭವಾಯಿತು. 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರು ಪಡೆದದ್ದು ಅದೇ. ಊರು ಮೈಸೂರು ಸೀಮೆಯದಾದರೂ ಮೇಲಿನ ಪರೀಕ್ಷೆ ಮದರಾಸಿನದು. ಧಾರವಾಡ, ಬೆಳಗಾವಿಗಳ ಹುಡುಗರಿಗೆ ಬೊಂಬಾಯಿಯ ಪರೀಕ್ಷೆ. ಬೇಂದ್ರೆಯವರು 1913ರಲ್ಲಿ ಧಾರವಾಡದಿಂದ ಮೆಟ್ರಿಕ್ ಮುಗಿಸಿ ಪುಣೆಗೆ ಓದಲು ಹೋದದ್ದು ಆ ದಾರಿಯಲ್ಲಿಯೆ. ಇನ್ನು ಕಲಬುರ್ಗಿ, ರಾಯಚೂರುಗಳ ಕನ್ನಡ ಮಕ್ಕಳು ನಿಜಾಮರ ಆಡಳಿತದಲ್ಲಿದ್ದವರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಬಂದಮೇಲೆ ಉನ್ನತ ವಿದ್ಯೆಯ ಮಾಧ್ಯಮ ಅವರಿಗೆ ಉರ್ದುವಾಯಿತು. ಒಂದೇ ಭಾಷೆಯ ಮಕ್ಕಳು ಮೂರು ದಿಕ್ಕಿಗೆ ಮುಖ ಮಾಡಿ ಮೂರು ಬಗೆಯ ಬೀಗ ತೆರೆಯಬೇಕಾಗಿದ್ದಿತು.

ಮೆಟ್ರಿಕ್ ಪರೀಕ್ಷೆಯ ದೋಷ ಬಲುಬೇಗ ಎಲ್ಲರಿಗೂ ಕಂಡಿತು. ಕಾಲೇಜಿಗೆ ಹೋಗುವವರು ಕೆಲವರು. ಆದರೆ ಆ ಕೆಲವರ ಬಾಗಿಲಿಗಾಗಿ ಮಾಡಿದ ಪರೀಕ್ಷೆ ಎಲ್ಲ ಮಕ್ಕಳ ಶಾಲೆಯನ್ನೂ ಆಳತೊಡಗಿತು. ನಪಾಸಾದವನ ಕೈಗೆ ಏನೂ ಬಾರದು. ಎಷ್ಟು ವರ್ಷ ಓದಿದ, ಏನು ಬಲ್ಲ ಎಂಬುದಕ್ಕೆ ಒಂದು ಚೂರು ಕಾಗದವೂ ಇಲ್ಲ. ಅದಕ್ಕಾಗಿ 1910ರ ಆಸುಪಾಸಿನಲ್ಲಿ ಮದರಾಸು ಪ್ರಾಂತದವರು ಮೆಟ್ರಿಕ್ಯುಲೇಷನ್ನನ್ನು ಬಿಟ್ಟು ಈ ಶಾಲೆ ಬಿಡುವ ಪತ್ರದ ಪದ್ಧತಿಯನ್ನು ತಂದರು. ಮೈಸೂರು ಸಂಸ್ಥಾನವೂ ಆ ಮಾದರಿಯನ್ನೇ ಹಿಡಿಯಿತು.

ಆಗ ಅದು ಪತ್ರವಲ್ಲ, ಒಂದು ತೆಳ್ಳನೆಯ ಪುಸ್ತಕ. ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಇಂದಿಗೂ ಅಜ್ಜಂದಿರ ಟ್ರಂಕಿನಲ್ಲಿ ಸಿಕ್ಕೀತು. 1956ರ ವರೆಗೆ ಆ ಜಿಲ್ಲೆ ಮದರಾಸಿಗೆ ಸೇರಿದ್ದಿತಲ್ಲವೆ? ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಗುರುತಿಗಾಗಿ ಮೈಮೇಲಿನ ಮಚ್ಚೆ, ಗಾಯದ ಕಲೆ. ಆಮೇಲೆ ಪ್ರೌಢಶಾಲೆಯ ವರ್ಷಗಳಲ್ಲಿ ಶಾಲೆಯೊಳಗೇ ಗಳಿಸಿದ ಅಂಕಗಳು; ಕಟ್ಟಕಡೆಗೆ ಸಾರ್ವಜನಿಕ ಪರೀಕ್ಷೆಯ ಅಂಕಗಳು. ತೇರ್ಗಡೆಯಾದ, ಆಗಲಿಲ್ಲ ಎಂಬ ತೀರ್ಪು ಅದರಲ್ಲಿರಲಿಲ್ಲ. ಕಾಲೇಜಿಗೆ ಅರ್ಹರು ಯಾರು ಎಂಬುದನ್ನು ಬೇರೆಯಾಗಿ ಗೊತ್ತುಮಾಡುತ್ತಿದ್ದರು. ಉಳಿದವನೂ ಪುಸ್ತಕ ಹಿಡಿದು ಹೋಗಿ, “ಸ್ವಾಮಿ, ನನಗೆ ಲೆಕ್ಕ ಬಾರದು, ಆದರೆ ಅಕ್ಷರ ದುಂಡಗಿದೆ, ಭಾಷೆ ಬರುತ್ತದೆ, ನೋಡಿ” ಎಂದು ಕೆಲಸ ಕೇಳಬಹುದಾಗಿದ್ದಿತು. ಪತ್ರ ಸಾಕ್ಷಿ ಹೇಳುತ್ತಿತ್ತು, ನ್ಯಾಯ ಹೇಳುತ್ತಿರಲಿಲ್ಲ.

ಇಷ್ಟು ಸೊಗಸಾದ ಏರ್ಪಾಡು ಉಳಿಯಿತೇ ಎಂದರೆ, ಇಲ್ಲ. “ಅರ್ಹ” ಎಂಬ ಮಾತನ್ನು ಜನ ಪಾಸೆಂದೇ ಓದಿದರು. ಅರ್ಹರ ಪಟ್ಟಿಯಲ್ಲಿ ಇಲ್ಲದವನು ನಪಾಸೆಂದೇ ಎಣಿಕೆಯಾಯಿತು. ನೌಕರಿ ಕೊಡುವವರಿಗೂ ಪುಸ್ತಕ ತಿರುವಿ ಹಾಕುವ ತಾಳ್ಮೆ ಎಲ್ಲಿಂದ ಬರಬೇಕು? ಬೀಗದ ಹೆಸರು ಬದಲಾಯಿತೇ ಹೊರತು ಬೀಗ ಬೀಗವಾಗಿಯೇ ಉಳಿಯಿತು. ಮೈಸೂರಿನಲ್ಲಿ 1916ರಲ್ಲಿ ನಮ್ಮದೇ ವಿಶ್ವವಿದ್ಯಾನಿಲಯ ಬಂದಿತು. ಅದಕ್ಕೂ ಒಂದು ಪ್ರವೇಶ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೋತಾ ಹೊಡೆದವರ ಪೈಕಿ ಒಬ್ಬರು ಆರ್.ಕೆ. ನಾರಾಯಣರು. ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು, ಮಗ ನಪಾಸು! ಅವರು ಆ ವರ್ಷವನ್ನೆಲ್ಲ ಪುಸ್ತಕ ಓದುತ್ತ ಕಳೆದು, ಮುಂದೆ 1930ರಲ್ಲಿ ಬಿ.ಎ. ಆದರು. ಮನೆ ತುಂಬ ಪುಸ್ತಕವಿದ್ದವರಿಗೆ ಅದು ನಡೆಯಿತು.

1956ರ ನವೆಂಬರ್ ಒಂದರಂದು ಕನ್ನಡ ನಾಡು ಒಂದಾದಾಗ ಈ ಎಲ್ಲ ಬಗೆಯ ಪತ್ರಗಳೂ ಒಂದೇ ಸರ್ಕಾರದ ಮೇಜಿನ ಮೇಲೆ ಬಂದು ಬಿದ್ದುವು. ಧಾರವಾಡದ ಕಡೆ ಹಿರಿಯರ ಬಾಯಲ್ಲಿ “ಮುಲ್ಕಿ”, “ಮೆಟ್ರಿಕ್”, ಮೈಸೂರು ಕಡೆಯವರ ಬಾಯಲ್ಲಿ “ಎಲ್.ಎಸ್.”, “ಎಸ್.ಎಸ್.ಎಲ್.ಸಿ.”. ಒಬ್ಬರ ಓದು ಇನ್ನೊಬ್ಬರಿಗೆ ಅರ್ಥವಾಗದು. 1966ರಲ್ಲಿ ಶಾಸನದ ಮೂಲಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿ ಬಂದಿತು. ಮಲ್ಲೇಶ್ವರದ ಆರನೆಯ ಅಡ್ಡರಸ್ತೆ ಎಂದರೆ ಪರೀಕ್ಷೆ ಎಂಬ ಅರ್ಥ ಹುಟ್ಟಿದ್ದು ಆ ಮಂಡಲಿಯಿಂದ. 2022ರಲ್ಲಿ ಪಿ.ಯು. ಪರೀಕ್ಷೆಯನ್ನೂ ಅದರೊಡನೆ ಕೂಡಿಸಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಂದು ಹೆಸರಿಟ್ಟರು.

ಒಂದಾದ ನಾಡಿನಿಂದ ಹೊರಗುಳಿದ ಕಾಸರಗೋಡಿನ ಕನ್ನಡ ಮಕ್ಕಳ ಪಾಡನ್ನು ಇಲ್ಲಿ ನೆನೆಯಬೇಕು. ಅವರು ಕನ್ನಡದಲ್ಲಿ ಓದಿ ಕೇರಳದ ಎಸ್.ಎಸ್.ಎಲ್.ಸಿ. ಬರೆಯುತ್ತಾರೆ. ಅಲ್ಲಿ 2005ರಿಂದ ಅಂಕದ ಬದಲು ಶ್ರೇಣಿ ಬಂದಿದೆ. ಅಂಥ ಒಬ್ಬ ಹುಡುಗ ನಮ್ಮ ಜಗುಲಿಗೂ ಒಮ್ಮೆ ಬಂದಿದ್ದ. ವಿಜಯನಗರದ ಅತ್ತೆಯ ಮನೆಯಲ್ಲಿ ನಿಂತು ಇಲ್ಲಿ ಓದುವ ಆಸೆ. “ಇಲ್ಲಿ ಎಲ್ಲರೂ ಪರ್ಸೆಂಟೇಜ್ ಕೇಳುತ್ತಾರೆ ಸಾರ್, ನನ್ನಲ್ಲಿ ಇರುವುದು ಅಕ್ಷರ” ಎಂದ. ಗಡಿನಾಡ ಕನ್ನಡಿಗರಿಗೆ ನಮ್ಮ ಸಿ.ಇ.ಟಿ.ಯಲ್ಲಿ ಪ್ರತ್ಯೇಕ ಅವಕಾಶವಿದೆಯೆಂದು ಹೇಳಿದಾಗ ಅವನ ಮುಖ ಅರಳಿತು. ಅದನ್ನು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ!

ಅಂಕಪಟ್ಟಿಯ ಒಂದೊಂದು ಸಾಲೂ ಒಂದೊಂದು ಜಗಳದ ಗುರುತು. ಮೊದಲ ಭಾಷೆಯ ಸಾಲನ್ನೇ ತೆಗೆದುಕೊಳ್ಳಿ. 1980ರಲ್ಲಿ ನೇಮಕವಾದ ಗೋಕಾಕ್ ಸಮಿತಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಲಿ, ಅದಕ್ಕೆ 150 ಅಂಕವಿರಲಿ ಎಂದಿತು. 1982ರಲ್ಲಿ ರಾಜಕುಮಾರರು ಬೀದಿಗಿಳಿದದ್ದು, ನಾಡೆಲ್ಲ ಅವರ ಹಿಂದೆ ನಡೆದದ್ದು ನಮ್ಮ ವಯಸ್ಸಿನವರಿಗೆ ನೆನಪಿದೆ. ವಿಷಯ ನ್ಯಾಯಾಲಯಗಳನ್ನೂ ಹತ್ತಿ ಇಳಿಯಿತು. ಇಂದಿನ ಪಟ್ಟಿಯಲ್ಲಿ ಮೊದಲ ಭಾಷೆಗೆ ಇರುವುದು 125. ಆ ಇಪ್ಪತ್ತೈದು ಹೆಚ್ಚಿನ ಅಂಕಗಳನ್ನು ಎಣಿಸುವ ಹುಡುಗನಿಗೆ ಈ ಗದ್ದಲದ ಸುಳಿವೇ ಇಲ್ಲ.

ಇನ್ನು ತೇರ್ಗಡೆಯ ಗೆರೆ. ಮೂವತ್ತೈದು ಎಂಬುದು ನಮಗೆ ಬ್ರಹ್ಮಲಿಪಿಯಾಗಿದ್ದಿತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಆ ಲಿಪಿಯನ್ನೂ ತಿದ್ದಿತು: 2025-26ರ ಸಾಲಿನಿಂದ ಒಟ್ಟು ಶೇಕಡ 33, ಎಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಮೂವತ್ತು. 2023-24ರಿಂದಲೇ ವರ್ಷಕ್ಕೆ ಮೂರು ಪರೀಕ್ಷೆಗಳಿವೆ. ಯಾವುದರಲ್ಲಿ ಹೆಚ್ಚು ಬಂದಿತೋ ಅದನ್ನೇ ಉಳಿಸಿಕೊಳ್ಳಬಹುದು. ಇದು ಸಡಿಲವಾಯಿತೆಂದು ಗೊಣಗುವ ನನ್ನ ಹಳೆಯ ಸಹೋದ್ಯೋಗಿಗಳಿದ್ದಾರೆ. ನಾನು ಅವರ ಪಕ್ಷವಲ್ಲ. ಮನುಷ್ಯ ಗೊತ್ತುಮಾಡಿದ ಗೆರೆಯನ್ನು ಮನುಷ್ಯ ಸರಿಸಬಹುದೆಂದು ಮಕ್ಕಳು ತಿಳಿಯುವುದು ಒಳ್ಳೆಯದೇ.

ಆ ಹಳೆಯ ಪುಸ್ತಕದ ಪದ್ಧತಿ ಒಂದು ಸಲ, ಯಾರೂ ಕರೆಯದೆ, ತಾನಾಗಿ ಹಿಂದಿರುಗಿ ಬಂದದ್ದುಂಟು. 2021ರ ಕೋವಿಡ್ ಕಾಲ. ಎಸ್.ಎಸ್.ಎಲ್.ಸಿ.ಯವರಿಗೆ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಗುರುತು ಹಾಕುವ ಪ್ರಶ್ನೆಗಳ ಪರೀಕ್ಷೆ ನಡೆಯಿತು. ದ್ವಿತೀಯ ಪಿ.ಯು.ಸಿ.ಯವರಿಗೆ ಅದೂ ಇಲ್ಲ. ಅವರ ಫಲಿತಾಂಶವನ್ನು ಎಸ್.ಎಸ್.ಎಲ್.ಸಿ. ಅಂಕದ ಶೇಕಡ 45, ಪ್ರಥಮ ಪಿ.ಯು.ಸಿ. ಅಂಕದ ಶೇಕಡ 45, ಆಂತರಿಕ ಮೌಲ್ಯಮಾಪನದ ಶೇಕಡ 10 ಕೂಡಿಸಿ ಕಟ್ಟಿದರು. ಅಲ್ಲಿಯವರೆಗೆ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಅಂಕಪಟ್ಟಿ ಏಕಾಏಕಿ ಮಾತನಾಡತೊಡಗಿತು. ಆ ಬೇಸಗೆಯಲ್ಲಿ ಒಬ್ಬ ತಾಯಿ ದೂರದಿಂದಲೇ, ಗೇಟಿನಾಚೆ ನಿಂತು, “ಹತ್ತನೇ ಕ್ಲಾಸಿನಲ್ಲಿ ಇವನಿಗೆ ಡೆಂಗ್ಯೂ ಆಗಿತ್ತು ಮೇಷ್ಟ್ರೆ, ಅದನ್ನು ಯಾರಿಗೆ ಹೇಳಲಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಳನ್ನೆಲ್ಲ ಬರೆದಿಡುವ ಪತ್ರಕ್ಕೂ ಕ್ರೌರ್ಯವಿದೆ ಎಂದು ನನಗೆ ಹೊಳೆದದ್ದು ಅಂದು.

ಈಗ ಈ ವರ್ಷದ ಮಾತು. ಒಂದು ಹುಡುಗಿ, ಅವಳ ತಾತ, ಇಬ್ಬರೂ ಬಂದರು. ಹುಡುಗಿಯ ಪಟ್ಟಿಯಲ್ಲಿ ಅಂಕವೆಲ್ಲ ಸರಿಯಾಗಿದೆ. ಆದರೆ ಹೆಸರಿನ ಇಂಗ್ಲಿಷ್ ಅಕ್ಷರ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ಪರೀಕ್ಷೆಗೆ ಮುನ್ನ ಶಾಲೆಯಲ್ಲಿ ತಾಳೆ ನೋಡಲು ಹಾಳೆ ಕೊಟ್ಟಿದ್ದರು, ಇವಳು ಓದದೆ ಸಹಿ ಹಾಕಿದ್ದಳು. “ಒಂದು ಅಕ್ಷರ ತಾನೆ?” ಎಂದಳು. ಅಮ್ಮಾ, ಈ ದೇಶದಲ್ಲಿ ಆ ಒಂದು ಅಕ್ಷರ ನಲವತ್ತು ವರ್ಷ ಹಿಂಬಾಲಿಸುತ್ತದೆ. ಪಾಸ್‌ಪೋರ್ಟಿಗೆ, ನೌಕರಿಗೆ, ಪಿಂಚಣಿಗೆ ಎಲ್ಲರೂ ಕೇಳುವುದು ಹತ್ತನೆಯ ತರಗತಿಯ ಪಟ್ಟಿಯನ್ನೆ.

ಹುಟ್ಟಿದ ದಿನಕ್ಕೂ ಅದೇ ಸಾಕ್ಷಿ. ಜನನ ಮರಣಗಳ ನೋಂದಣಿಯ ಕಾಯಿದೆ 1969ರದು. ಅದಕ್ಕೆ ಹಿಂದೆ ಹುಟ್ಟಿದವರಲ್ಲಿ ಅನೇಕರ ಜನ್ಮದಿನವನ್ನು ದೇವರಲ್ಲ, ಊರ ಶಾಲೆಯ ಮೇಷ್ಟ್ರು ಗೊತ್ತುಮಾಡಿದ್ದು. “ಜಾತ್ರೆಯ ಹಿಂದಿನ ವಾರ ಹುಟ್ಟಿದ” ಎಂದು ತಾಯಿ ಅಂದರೆ ಮೇಷ್ಟ್ರು ಶಾಲೆಗೆ ಸೇರಲು ಅನುಕೂಲವಾಗುವಂತೆ ಜೂನ್ ಒಂದು ಎಂದು ಬರೆದರು. ಜೂನ್ ಒಂದನೆಯ ತಾರೀಖು ಹುಟ್ಟಿದವರು ನಮ್ಮ ನಾಡಿನಲ್ಲಿ ಎಷ್ಟು ಮಂದಿ! ಆ ಬರಹವೇ ದಾಖಲಾತಿ ಪುಸ್ತಕದಿಂದ ಎಸ್.ಎಸ್.ಎಲ್.ಸಿ.ಗೆ, ಅಲ್ಲಿಂದ ನೌಕರಿಯ ಪುಸ್ತಕಕ್ಕೆ. ಸರ್ಕಾರಿ ನೌಕರರ ವಯಸ್ಸನ್ನು ಕುರಿತು 1974ರಲ್ಲಿ ನಮ್ಮ ರಾಜ್ಯ ಒಂದು ಶಾಸನವನ್ನೇ ಮಾಡಿತು. ನೌಕರಿಗೆ ಸೇರಿದ ಮೂರು ವರ್ಷದೊಳಗೆ ತಿದ್ದಿಸಿಕೊಳ್ಳದಿದ್ದರೆ ಬರೆದದ್ದೇ ವಯಸ್ಸು. 2023ರ ಅಕ್ಟೋಬರ್ ಒಂದರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪತ್ರವೇ ಪ್ರಮಾಣವೆಂದು ಹೊಸ ತಿದ್ದುಪಡಿ ಹೇಳುತ್ತದೆ. ಆ ಮಕ್ಕಳು ಹತ್ತನೆಯ ತರಗತಿಗೆ ಬರುವ ತನಕ ಹಳೆಯ ಪಟ್ಟಿಯ ಆಳ್ವಿಕೆ ನಡೆದೇ ಇರುತ್ತದೆ.

ಅರ್ಜಿ ಬರೆಯಲು ಕುಳಿತೆ. ಮುಖ್ಯೋಪಾಧ್ಯಾಯರ ಮೂಲಕ ಮಂಡಲಿಗೆ. ಜೊತೆಗೆ ದಾಖಲಾತಿ ಪುಸ್ತಕದ ನಕಲು. ದಾಖಲಾತಿಯಲ್ಲಿ ಹೆಸರು ಸರಿಯಾಗಿದೆ, ಹಾಗಾಗಿ ಕೆಲಸ ಸುಲಭ. ಅಷ್ಟರಲ್ಲಿ ತಾತ ತಮ್ಮ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, “ಇದನ್ನೂ ನೋಡಿ” ಎಂದರು. 1974ರ ಎಸ್.ಎಸ್.ಎಲ್.ಸಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ಆರು ತಿಂಗಳೂ ತುಂಬದ ಕಾಲ. ಇಂಗ್ಲಿಷಿನಲ್ಲಿ ಇಪ್ಪತ್ತೆರಡು. ನಪಾಸು.

ಪತ್ರಿಕೆಯಲ್ಲಿ ತಮ್ಮ ನಂಬರು ಕಾಣದ ದಿನ ಅವರು ಊರು ಬಿಟ್ಟರಂತೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಸಹಾಯಕನಾಗಿ ಸೇರಿದರು. ಅಲ್ಲಿಯೇ ಆಯುಸ್ಸು ಕಳೆದರು. ಪಟ್ಟಿಯನ್ನು ಹೆಂಡತಿಗೂ ತೋರಿಸಿರಲಿಲ್ಲ. ಮೊಮ್ಮಗಳ ಕಾಗದಪತ್ರ ಹುಡುಕುವಾಗ ಟ್ರಂಕಿನ ತಳದಿಂದ ಹೊರಗೆ ಬಂದಿದೆ.

ನಾನು ಮೇಲಿನಿಂದ ಒಂದೊಂದೇ ಸಾಲು ಗಟ್ಟಿಯಾಗಿ ಓದಿದೆ. ಗಣಿತ, ಪರವಾಗಿಲ್ಲ. ಸಮಾಜ ವಿಜ್ಞಾನದಲ್ಲಿ ಅರವತ್ತರ ಮೇಲೆ. ಕನ್ನಡದಲ್ಲಿ ಮೊದಲ ದರ್ಜೆಗೆ ಸಲ್ಲುವ ಅಂಕ. “ತಾತ, ನನಗಿಂತ ನೀನೇ ಕನ್ನಡದಲ್ಲಿ ಮುಂದೆ!” ಎಂದು ಹುಡುಗಿ ಕಾಗದವನ್ನು ಕಸಿದುಕೊಂಡಳು. ಅವರು ಮಾತನಾಡಲಿಲ್ಲ. ಐವತ್ತು ವರ್ಷದಲ್ಲಿ ಆ ಪಟ್ಟಿಯಲ್ಲಿ ಅವರು ಇಪ್ಪತ್ತೆರಡರ ಹೊರತು ಬೇರೊಂದು ಅಂಕಿಯನ್ನು ಓದಿಯೇ ಇರಲಿಲ್ಲವೆಂದು ತೋರುತ್ತದೆ.

ಅರ್ಜಿಗೆ ಹುಡುಗಿಯ ಸಹಿ ಹಾಕಿಸಿದೆ. ಈ ಸಲ ಓದಿ ಹಾಕಿದಳು. ಮಳೆ ನಿಂತಿದ್ದಿತು. ಇಬ್ಬರೂ ಅತ್ತಿಗುಪ್ಪೆಯ ಮೆಟ್ರೋ ಕಡೆಗೆ ಹೊರಟರು. ಗೇಟಿನವರೆಗೆ ಹೋದ ತಾತ ಮತ್ತೆ ಹಿಂದಿರುಗಿ ಬಂದು, ಹುಡುಗಿಗೆ ಕೇಳಿಸದಂತೆ, “ಮೇಷ್ಟ್ರೆ, ಕನ್ನಡದಲ್ಲಿ ಎಷ್ಟು ಅಂದಿರಿ?” ಎಂದರು.

ಹೇಳಿದೆ.