ಒಂಬತ್ತು ಕಂಡಿಯ ಜೀಪು

ನಮ್ಮ ಹೊಸೂರಿನ ಪಕ್ಕದ ಮತ್ತಿಗಿರಿಯ ಜಾನುವಾರು ಫಾರಂ ಗೊತ್ತಲ್ಲ? ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಶುರುವಾದದ್ದು ಹಾಲಿಗಾಗಿ ಅಲ್ಲ, ಸೈನ್ಯದ ಕುದುರೆಗಳಿಗಾಗಿ. ರಸ್ತೆಯಿಲ್ಲದ ಕಡೆ ಸಿಪಾಯಿ ಹೋಗಬೇಕೆಂದರೆ ಆಗ ಕುದುರೆ, ಇಲ್ಲವೇ ಎತ್ತು. ಈಗ ಅದೇ ಊರಲ್ಲಿ 1980ರಿಂದ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇದೆ. ಆ ಕಂಪನಿ ಸೈನ್ಯಕ್ಕೆ ಕೊಡುವ ಲಾರಿಯ ಹೆಸರು ಸ್ಟಾಲಿಯನ್. ಅಂದರೆ ಗಂಡು ಕುದುರೆ! ಹೆಸರಿಟ್ಟವರಿಗೆ ಮತ್ತಿಗಿರಿ ನೆನಪಿತ್ತೋ ಇಲ್ಲವೋ, ನಮಗಂತೂ ನಗು ಬಂತು.

ಇರಲಿ, ಇವತ್ತಿನ ವಿಷಯ ಕುದುರೆಗೂ ಲಾರಿಗೂ ನಡುವೆ ಬಂದ ಜೀಪು. ಅದೂ ಅಂಗೈಯಲ್ಲಿ ಹಿಡಿಸುವ ಜೀಪು.

ಬೆಂಗಳೂರಿನ ಅಂಗಡಿಯೊಂದರಲ್ಲಿ ನಾವು ಜಪಾನಿನ ತಾಮಿಯಾ ಕಂಪನಿಯ ಒಂದು ಕಿಟ್ ಕೊಂಡೆವು. ವಿಲ್ಲಿಸ್ ಎಂಬಿ ಜೀಪು, ಅಳತೆ 1:35. ಡಬ್ಬಿ ತೆರೆದರೆ ಜೀಪಿಲ್ಲ, ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಚೂರುಗಳಿವೆ. ಒಂದೊಂದೇ ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಮುಂದಿನ ಗಾಜಿನ ಮೇಲೆ ನಮ್ಮ ಹೆಬ್ಬೆರಳ ಗುರುತು ಶಾಶ್ವತವಾಗಿ ಮೂಡಿದೆ, ಅದನ್ನು ಯಾರಿಗೂ ತೋರಿಸುವುದಿಲ್ಲ. ಮುಗಿದ ಮೇಲೆ ಉದ್ದ ಒಂಬತ್ತೂವರೆ ಸೆಂಟಿಮೀಟರು ಚಿಲ್ಲರೆ.

ಅಂದ ಹಾಗೆ, ಈ 1:35 ಎಂಬ ವಿಚಿತ್ರ ಅಳತೆ ಎಲ್ಲಿಂದ ಬಂತು? 1960ರ ದಶಕದ ಆರಂಭದಲ್ಲಿ ತಾಮಿಯಾದವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದರು. ಅದು ಓಡಬೇಕಿತ್ತು, ಹಾಗಾಗಿ ಒಳಗೆ ಮೋಟಾರೂ ಎರಡು ಬ್ಯಾಟರಿಯೂ ಹಿಡಿಸಬೇಕಿತ್ತು. ಬ್ಯಾಟರಿಗೆ ಜಾಗ ಬಿಟ್ಟು ಕಟ್ಟಿದ ಮೇಲೆ ಲೆಕ್ಕ ಹಾಕಿದರೆ ಸುಮಾರು 1:35 ಬಂತು. ಮುಂದೆ ಅದೇ ಪದ್ಧತಿಯಾಗಿ ಲೋಕವೆಲ್ಲ ಹಿಡಿಯಿತು. ಅನುಪಾತದ ಪಾಠ ಮಾಡುವಾಗ ಈ ಕಥೆ ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಕಿಟ್ಟನ್ನು ಶಾಲೆಗೆ ಒಯ್ದೆವು. ತಗಾದೆ ಅಲ್ಲಿ ಶುರುವಾಯಿತು. ಡೆಂಕಣಿಕೋಟೆ ಕಡೆಯ ಹುಡುಗನೊಬ್ಬ, ಅವರ ಮಾವನ ಹಳೇ ಮಹೀಂದ್ರ ಜೀಪಿನಲ್ಲೇ ಬೆಳೆದವನು, ಮುಂಭಾಗ ನೋಡಿ "ಇದು ತಪ್ಪು ಸಾರ್" ಅಂದ. ಇದರಲ್ಲಿ ಒಂಬತ್ತು ಕಂಡಿ ಇದೆ, ಮಾವನ ಜೀಪಿನಲ್ಲಿ ಏಳೇ ಇರುವುದು. ಅವನು ಎಣಿಸಿದ್ದು ಸರಿ. ಕಿಟ್ಟೂ ಸರಿ. ಯುದ್ಧದ ಜೀಪಿಗೆ ಒಂಬತ್ತು, 1945ರಲ್ಲಿ ಬಂದ ನಾಗರಿಕರ ಜೀಪಿಗೆ ದೊಡ್ಡ ದೀಪ, ಏಳು ಕಂಡಿ. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದರು. ನಮ್ಮೂರ ರಸ್ತೆಗಳಿಗೆ ಬಂದದ್ದು ಆ ಏಳರ ವಂಶ.

ಆದರೆ ಆ ಒಂಬತ್ತು ಕಂಡಿಯ ತಗಡು ವಿಲ್ಲಿಸ್ ಕಂಪನಿಯ ಬುದ್ಧಿಯೂ ಅಲ್ಲ! ವಿಲ್ಲಿಸ್‌ನ ಮೊದಲ ಸುಮಾರು 25,000 ಜೀಪುಗಳಿಗೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿದ ಜಾಲರಿ ಇತ್ತು. ಒಂದೇ ತಗಡಿನಲ್ಲಿ ಅಚ್ಚೊತ್ತಿದ ಅಗ್ಗದ ಜಾಲರಿ ಮಾಡಿದ್ದು ಫೋರ್ಡ್. ಇದೇ ಜೀಪನ್ನು ಫೋರ್ಡ್ ಕೂಡ ಸೈನ್ಯಕ್ಕೆ ಮಾಡುತ್ತಿತ್ತು, ತನ್ನ ಬೋಲ್ಟುಗಳ ತಲೆಯ ಮೇಲೆ 'ಎಫ್' ಅಕ್ಷರ ಕುಟ್ಟಿ.

ಹಾಗಾದರೆ ಮೊದಲು ಮಾಡಿದವರು ಯಾರು? ಇಲ್ಲಿ ನಮಗೆ ಸ್ವಲ್ಪ ಸಿಟ್ಟಿದೆ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಹಗುರ ಗಾಡಿ ಬೇಕು, 49 ದಿನದಲ್ಲಿ ಮೊದಲನೆಯದು ಬರಬೇಕು. ಒಪ್ಪಿಕೊಂಡದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್. ಆಗಲೇ ಮುಳುಗುತ್ತಿದ್ದ ಪುಟ್ಟ ಕಂಪನಿ ಅದು. ಹೊರಗಿನಿಂದ ಕರೆಸಿದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು ಗಾಡಿಯನ್ನು ಓಡಿಸಿಕೊಂಡೇ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರ ತಲುಪಿದರು. ಗಡುವು ಸಂಜೆ ಐದಕ್ಕೆ. ಮುಟ್ಟಿದಾಗ ಸುಮಾರು ಅರ್ಧ ಗಂಟೆ ಬಾಕಿ!

ಆಮೇಲೆ? ಸೈನ್ಯ ಆ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡ್‌ಗೂ ತೋರಿಸಿತು. ಬ್ಯಾಂಟಮ್‌ನಂಥ ಚಿಕ್ಕ ಕಾರ್ಖಾನೆಯಿಂದ ಬೇಕಾದಷ್ಟು ಗಾಡಿ ಬರಲಾರದು ಎಂಬ ಭಯ ಅದಕ್ಕೆ, ಅದೂ ಸುಳ್ಳಲ್ಲ. ವಿಲ್ಲಿಸ್ ಎಂಜಿನ್ನಿನ ಬಲವೂ ಹೆಚ್ಚು, 60 ಅಶ್ವಶಕ್ತಿ. ಕೊನೆಗೆ ವಿಲ್ಲಿಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಜೀಪು ಮಾಡಿದವು. ಬ್ಯಾಂಟಮ್ ಮಾಡಿದ್ದು ಸುಮಾರು 2,700. ಅದರಲ್ಲೂ ಬಹಳಷ್ಟು ಬ್ರಿಟನ್ನಿಗೆ, ರಷ್ಯಕ್ಕೆ ಹೋದವು. ಬ್ಯಾಂಟಮ್‌ಗೆ ಉಳಿದ ಕೆಲಸ ಜೀಪಿನ ಹಿಂದೆ ಎಳೆಯುವ ಟ್ರೇಲರ್ ಮಾಡುವುದು! ಜೀಪು ಹುಟ್ಟಿಸಿದ್ದು ನಾವೇ ಎಂದು ವಿಲ್ಲಿಸ್ ಜಾಹೀರಾತು ಕೊಟ್ಟಿತು. ಹಾಗೆ ಹೇಳಿಕೊಳ್ಳಕೂಡದು ಎಂದು ಅಮೆರಿಕದ ವ್ಯಾಪಾರ ಆಯೋಗ 1948ರಲ್ಲಿ ತೀರ್ಪಿತ್ತಿತು. ಆದರೂ 1950ರಲ್ಲಿ 'ಜೀಪ್' ಎಂಬ ಹೆಸರು ವಿಲ್ಲಿಸ್ ಹೆಸರಿಗೇ ನೋಂದಣಿ ಆಯಿತು.

ಕಿಟ್ ಮಾಡುವವರ ಲೋಕದಲ್ಲೂ ಇದೇ ಕಥೆ. ವಿಲ್ಲಿಸ್ ಜೀಪು ತಾಮಿಯಾದಲ್ಲಿ ಸಿಗುತ್ತದೆ, ಇಟಲಿಯ ಇಟಲೇರಿಯಲ್ಲಿ ಸಿಗುತ್ತದೆ. ಬ್ಯಾಂಟಮ್ ಬೇಕೆಂದರೆ ಹುಡುಕಬೇಕು. ಯುಕ್ರೇನಿನ ಮಿನಿಆರ್ಟ್ ಎಂಬ ಕಂಪನಿ 'ಬ್ಯಾಂಟಮ್ 40 ಬಿಆರ್‌ಸಿ'ಯನ್ನು 1:35ರಲ್ಲಿ ಹೊರತಂದಿದೆ. ಆ ಪುಣ್ಯಾತ್ಮರಿಗೆ ನಮಸ್ಕಾರ.

ತರಗತಿಯಲ್ಲಿ ಎಲ್ಲರಿಗೂ ಕಿಟ್ ಕೊಡಿಸುವ ಶಕ್ತಿ ನಮಗೆಲ್ಲಿ! ರಟ್ಟಿನಲ್ಲಿ ಮಾಡೋಣ ಅಂದೆವು, 1:10ರಲ್ಲಿ. ಅಸಲಿ ಜೀಪಿನ ಉದ್ದ ಸುಮಾರು 3.36 ಮೀಟರು, ಹಾಗಾಗಿ ನಮ್ಮದು 33.6 ಸೆಂ.ಮೀ. ಅಗಲ ಹದಿನಾರಕ್ಕೆ ತುಸು ಕಮ್ಮಿ. ಚಕ್ರದ ವ್ಯಾಸ ಏಳು ಸೆಂ.ಮೀ. ಚಿಲ್ಲರೆ. ಮಕ್ಕಳು ಸ್ಕೇಲು ಹಿಡಿದು ಮನೆಮನೆಯ ಡಬ್ಬಿ ಮುಚ್ಚಳಗಳನ್ನೆಲ್ಲ ಅಳೆದು ತಂದರು. ಎಷ್ಟು ತಾಯಂದಿರು ನಮ್ಮನ್ನು ಬೈದುಕೊಂಡರೋ... ಜಾಲರಿ ಮಾತ್ರ ಎರಡು ಮಾಡಿದ್ದೇವೆ, ಒಂಬತ್ತರದೊಂದು, ಏಳರದೊಂದು. ತೆಗೆದು ಬದಲಾಯಿಸಬಹುದು. ಡೆಂಕಣಿಕೋಟೆ ಹುಡುಗನ ಒತ್ತಾಯಕ್ಕೆ.

ಬೀರುವಿನ ಮೇಲಿಟ್ಟು ಕೆಳಗೊಂದು ಚೀಟಿ ಅಂಟಿಸಬೇಕಿತ್ತು. 'ಜೀಪು, ಅಳತೆ 1:10' ಎಂಬಲ್ಲಿವರೆಗೆ ಜಗಳವಿಲ್ಲ. 'ತಯಾರಿಸಿದವರು' ಎಂಬಲ್ಲಿ ಅರ್ಧ ಗಂಟೆ ಗಲಾಟೆ. ಆಮೇಲೆ ಒಬ್ಬಳು ದುಂಡಗಿನ ಅಕ್ಷರದಲ್ಲಿ ಬರೆದಳು: 'ಮೊದಲು ಬ್ಯಾಂಟಮ್, ಹೆಚ್ಚು ವಿಲ್ಲಿಸ್, ಜಾಲರಿ ಫೋರ್ಡ್, ರಟ್ಟಿನದು ನಾವು.'