ಯೆಹೋವನು ಏಕಾಕಿಯಾದ ಬಗೆ

ಗಾಜಾದಿಂದ ಕೆಂಪು ಸಮುದ್ರದ ಕಡೆಗೆ ಸಾಗುತ್ತಿದ್ದ ಪುರಾತನ ವರ್ತಕಪಥದ ಮಗ್ಗುಲಲ್ಲಿ, ಸೀನಾಯಿ ಮರುಭೂಮಿಯ ನಿರ್ಜನ ಪ್ರದೇಶದಲ್ಲಿ, ಕುಂತಿಲೆತ್ ಅಜ್ರೂದ್ ಎಂಬ ದಿಬ್ಬವೊಂದಿದೆ. 1975ರಲ್ಲಿ ಆರಂಭವಾದ ಉತ್ಖನನದಲ್ಲಿ ಅಲ್ಲಿ ದೊರೆತ ಎರಡು ದೊಡ್ಡ ಗುಡಾಣಗಳ ಚೂರುಗಳನ್ನು ಹೊಂದಿಸಿ ನೋಡಲಾಗಿ, ಕ್ರಿಸ್ತಪೂರ್ವ 800ರ ಸುಮಾರಿಗೆ ಯಾರೋ ಕೆಂಪು ಮಸಿಯಿಂದ ಬರೆದಿದ್ದ ಆಶೀರ್ವಚನಗಳು ಕಣ್ಣಿಗೆ ಬಿದ್ದುವು. ಅವುಗಳಲ್ಲೊಂದು ಹರಸುವುದು ಇಸ್ರಾಯೇಲರ ದೇವನಾದ ಯೆಹೋವನೊಬ್ಬನ ಹೆಸರಿನಿಂದಲ್ಲ, ಸಮಾರ್ಯದ ಯೆಹೋವನ ಮತ್ತು ಅವನ ಅಶೇರಳ ಹೆಸರಿನಿಂದ. ಅಶೇರ ಎಂದರೆ ಇಲ್ಲಿ ಕಾನಾನ್ ದೇಶದ ಮಾತೃದೇವತೆಯೋ, ಆಕೆಯ ಕುರುಹಾಗಿ ನೆಡುತ್ತಿದ್ದ ಮರದ ಕಂಬವೋ ಎಂಬ ವಾದವು ಪಂಡಿತರಲ್ಲಿ ಇನ್ನೂ ತೀರಿಲ್ಲ. ಕಂಬವೆಂದೇ ಇಟ್ಟುಕೊಂಡರೂ ದೇವನ ಮಗ್ಗುಲು ಬರಿದಾಗಿರಲಿಲ್ಲವೆಂಬುದು ದಿಟ.

ಆ ಕಾಲದಲ್ಲಿ ಜನಾಂಗಕ್ಕೊಬ್ಬ ದೇವನು. ಮೋವಾಬಿನ ಅರಸ ಮೇಷನ ಶಿಲಾಶಾಸನವು ತನ್ನ ನಾಡಿನ ಸೋಲನ್ನು ಕೆಮೋಷ್ ದೇವನ ಕೋಪಕ್ಕೂ ಗೆಲುವನ್ನು ಅವನ ಪ್ರಸಾದಕ್ಕೂ ಹೊಂದಿಸಿ ಹೇಳುವ ರೀತಿಯು, ಹೆಸರೊಂದನ್ನು ಬಿಟ್ಟರೆ, ಇಸ್ರಾಯೇಲರ ಇತಿಹಾಸಗ್ರಂಥಗಳದೇ ರೀತಿ. ಅನ್ಯದೇವರನ್ನು ಪೂಜಿಸಬಾರದೆಂಬ ಆಜ್ಞೆಯೂ ಅನ್ಯದೇವರಿಲ್ಲವೆಂದು ಹೇಳುವುದಿಲ್ಲ. ಪ್ರವಾದಿ ಹೋಶೇಯನು ಈ ನಿಷ್ಠೆಯನ್ನು ದಾಂಪತ್ಯಕ್ಕೆ ಹೋಲಿಸಿದನು. ಪತಿವ್ರತೆಯೆಂದ ಮಾತ್ರಕ್ಕೆ ಲೋಕದಲ್ಲಿ ಬೇರೆ ಗಂಡಸರಿಲ್ಲವೆಂದು ಅರ್ಥವಲ್ಲವಷ್ಟೆ!

ಕ್ರಿಸ್ತಪೂರ್ವ 622ರ ವೇಳೆಗೆ ಯೆಹೂದದ ದೊರೆ ಯೋಷೀಯನು ಅಶೇರಳ ಪ್ರತಿಮೆಯನ್ನು ಜೆರೂಸಲೇಮಿನ ಆಲಯದಿಂದ ಹೊರತರಿಸಿ, ಕಿದ್ರೋನ್ ಹಳ್ಳದಲ್ಲಿ ಸುಡಿಸಿ, ಆಲಯದ ಆವರಣದೊಳಗೇ ಹೆಂಗಸರು ಆ ದೇವಿಗಾಗಿ ಬಟ್ಟೆ ನೇಯುತ್ತಿದ್ದ ಮನೆಗಳನ್ನು ಕೆಡವಿಸಿದನೆಂದು ಅರಸುಗಳ ಗ್ರಂಥವು ಹೇಳುತ್ತದೆ. ಮುಂದೆ 586ರ ಸುಮಾರಿಗೆ ಬಾಬಿಲೋನಿನವರು ಆಲಯವನ್ನೇ ಸುಟ್ಟರು. ಆ ಯುಗದ ನ್ಯಾಯದಂತೆ ಬಾಬಿಲೋನಿನ ದೇವನಾದ ಮರ್ದೂಕನು ಗೆದ್ದು ಯೆಹೋವನು ಅಳಿಯಬೇಕಾಗಿತ್ತು. ಪ್ರವಾದಿಗಳಾದರೋ, ಬಾಬಿಲೋನೇ ನಮ್ಮನ್ನು ದಂಡಿಸಲು ಯೆಹೋವನು ಎತ್ತಿದ ಕೋಲು ಎಂದರು. ಶತ್ರುವನ್ನೂ ಆಳುವವನಿಗೆ ಎದುರಾಳಿ ದೇವರೆಲ್ಲಿ? ಬಾಬಿಲೋನಿನ ಸೆರೆಯಲ್ಲಿದ್ದ ಹೆಸರರಿಯದ ಕವಿಯೊಬ್ಬನು, ಯೆಶಾಯನ ಗ್ರಂಥದ ಉತ್ತರಭಾಗದಲ್ಲಿ, ಬೇರೆ ದೇವರೇ ಇಲ್ಲವೆಂದು ಸಾರಿ, ಪಾರಸಿಕರ ದೊರೆ ಸೈರಸನನ್ನೂ ಯೆಹೋವನ ಅಭಿಷಿಕ್ತನೆಂದು ಕರೆದನು.

ಜನರು ಒಪ್ಪಿದರೆ? ಆಲಯವು ಸುಟ್ಟ ಬಳಿಕ ಈಜಿಪ್ಟಿಗೆ ಓಡಿಹೋಗಿದ್ದ ಹೆಂಗಸರು, ಗಗನದ ಒಡತಿಯೆಂಬ ದೇವಿಗೆ ಧೂಪ ನಿಲ್ಲಿಸಿದಂದಿನಿಂದಲೇ ತಮಗೆ ಕೇಡು ಬಂದಿತೆಂದು ಪ್ರವಾದಿ ಯೆರೆಮೀಯನಿಗೆ ಮುಖದ ಮೇಲೆಯೇ ಹೇಳಿದ್ದರು; ಪ್ರವಾದಿಯ ತರ್ಕಕ್ಕಿಂತ ಅವರ ತರ್ಕವೇನೂ ಕೀಳಲ್ಲ. ಕ್ರಿಸ್ತಪೂರ್ವ 400ರ ಸುಮಾರಿಗೆ, ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಪಾರಸಿಕರ ಕಾವಲುಪಡೆಯಲ್ಲಿದ್ದ ಯೆಹೂದ್ಯರು ತಲೆಗೆ 2 ಶೆಕೆಲ್‌ನಂತೆ ಬೆಳ್ಳಿ ಕೂಡಿಸಿ ಪಪೈರಸ್ಸಿನ ಮೇಲೆ ಲೆಕ್ಕ ಬರೆದಿಟ್ಟರು. ಪಟ್ಟಿಯ ತಲೆಯಲ್ಲಿ ಯಾಹು ದೇವನಿಗೆ, ಎಂದರೆ ಯೆಹೋವನಿಗೆ, ಎಂದಿದೆ. ಒಳಗಿನ ವಿಂಗಡಣೆಯಲ್ಲಿ ಯಾಹುವಿಗೆ 126 ಶೆಕೆಲ್, ಎಷೆಮ್‌ಬೇತೇಲನೆಂಬ ದೇವನಿಗೆ 70, ಅನಾತ್‌ಬೇತೇಲಳೆಂಬ ದೇವಿಗೆ 120.