ಬಯಲಿನಿಂದ ಕಾಡಿಗೆ ಹೋದವರು

ಯುರೋಪಿನ ಹುಡುಗರು ಐಸಿಸ್ ಸೇರೋಕೆ ಸಿರಿಯಾಕ್ಕೆ ಹೋದ ಸುದ್ದಿ ಕೇಳಿರ್ತೀರಿ. ನಮ್ಮ ರಾಯಚೂರಿನಿಂದಲೂ ಮನೆ ಬಿಟ್ಟು ಬಂದೂಕು ಹಿಡಿದವರಿದ್ದಾರೆ.

1980ರ ದಶಕದಲ್ಲಿ ಆಂಧ್ರದ ನಕ್ಸಲ್ ಸಂಘಟನೆ ಪೀಪಲ್ಸ್ ವಾರ್ ಈ ಜಿಲ್ಲೆಗೆ ಕಾಲಿಟ್ಟಿತು. ದೇವದುರ್ಗ, ಮಾನ್ವಿ ಕಡೆ ಹೊಲ ಇಲ್ಲದವರಿಗೆ ಕೂಲಿ, ಗುಳೆ, ಜಾತಿ ಅವಮಾನ. ಇಂಥ ಕಡೆ ಸಂಘಟನೆ ಮೊದಲು ತರೋದು ಹಾಡು, ಸಭೆ. ಬಂದೂಕು ಬರೋದು ಆಮೇಲೆ.

ಆದ್ರೆ ಬಯಲುಸೀಮೆಯಲ್ಲಿ ಅಡಗೋಕೆ ಕಾಡಿಲ್ಲ. ಮುಂದೆ ಮಲೆನಾಡೇ ನೆಲೆಯಾಯ್ತು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಬೆಂಗಳೂರಲ್ಲಿ ಶರಣಾದ ಆರು ಜನರಲ್ಲಿ ಒಬ್ಬರು ರಾಯಚೂರು ಜಿಲ್ಲೆಯ ಮಾರೆಪ್ಪ ಅರೋಲಿ.

ಅವಮಾನ ಸುಳ್ಳಲ್ಲ. ಆದ್ರೆ ಬಂದೂಕಿನಿಂದ ಹೊಲ ಸಿಗಲಿಲ್ಲ. ಸಿಟ್ಟಾದ ಹುಡುಗನ ಮಾತನ್ನ ಊರು ಕೇಳದಿದ್ರೆ, ಬೇರೆ ಯಾರೋ ಕೇಳ್ತಾರೆ.